ಹಿಂಬಾಗಿಲಿಗೆ ಬಡಿದ ಐಕ್ಯತೆ

ನಮ್ಮ ಮನೆಯ ಮುಂಬಾಗಿಲು ಮೇಲಿನ ಬೀದಿಗೆ, ಹಿಂಬಾಗಿಲು ಕೆಳಗಿನ ಬೀದಿಗೆ. ಹಿಂಬಾಗಿಲಿನ ಎದುರು ಮನೆಯೇ ನನ್ನ ತಂಗಿಯದು. ಅವಳು ಆಸ್ಪತ್ರೆಯಲ್ಲಿ ನರ್ಸು. ದಿನವೂ ಮಗುವನ್ನು ನನ್ನ ಕೈಗೆ ಹಾಕಿ, ನಮ್ಮ ಅಡುಗೆಮನೆ ದಾಟಿ, ಮುಂಬಾಗಿಲಿನಿಂದ ಹೊರಬಿದ್ದು ಬಸ್ಸು ಹತ್ತುತ್ತಿದ್ದಳು. ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಪುರಸಭೆಗೆ ದೇಶದ ಚಿಂತೆ ಹತ್ತಿತು.

ರಾಷ್ಟ್ರೀಯ ಐಕ್ಯತಾ ಸಪ್ತಾಹವಂತೆ. ಊರಿನ ಅತ್ಯಂತ ಒಗ್ಗಟ್ಟಿನ ಬೀದಿಗೆ ಹೊಸ ನೀರಿನ ಟ್ಯಾಂಕು ಬಹುಮಾನವಂತೆ. ಅಲ್ಲಿಯವರೆಗೆ ಒಂದೇ ನಲ್ಲಿಯಲ್ಲಿ ನೀರು ಹಿಡಿದು, ಸಕ್ಕರೆ ಸಾಲ ಕೊಟ್ಟು ತಂದು ಹಾಯಾಗಿದ್ದ ಎರಡು ಬೀದಿಗಳು ಒಗ್ಗಟ್ಟಿನ ಹೆಸರಿನಲ್ಲಿ ಹಾವು ಮುಂಗುಸಿಯಾದವು.

ನಮ್ಮ ಮೇಲಿನ ಬೀದಿಯ ಐಕ್ಯತಾ ಸಮಿತಿಗೆ ನನ್ನ ಭಾವನೇ ಅಧ್ಯಕ್ಷರು. ಸ್ವಂತ ತಮ್ಮನ ಜೊತೆ, ಅಂದರೆ ನನ್ನ ಗಂಡನ ಜೊತೆ, ಒಂದು ಫ್ಯಾನಿನ ವಿಷಯಕ್ಕೆ ಮಾತು ಬಿಟ್ಟ ಮಹಾನುಭಾವರು.

"ನಮ್ಮ ಗುಟ್ಟೆಲ್ಲ ನಿನ್ನ ಹಿಂಬಾಗಿಲಿಂದಾನೇ ಸೋರ್ತಿದೆ ಕಣಮ್ಮ," ಎಂದರು.

"ಏನು ಗುಟ್ಟು ಭಾವ?"

"ಗೋಡೆಗೆ ಹೊಡೆಯೋ ಬಣ್ಣ!"

ಅಂದೇ ಹಲಗೆ ತಂದು ಬಾಗಿಲಿಗೆ ಒಳಗಿನಿಂದ ಅಡ್ಡಡ್ಡ ಬಡಿದರು. ನನ್ನ ಗಂಡ ಮೊಳೆ ಎತ್ತಿಕೊಡುತ್ತ ನಿಂತಿದ್ದರು. ಮಾತು ಬಿಟ್ಟಿದ್ದರೂ ಮೊಳೆ ಕೊಡಬಹುದಂತೆ.

ತಂಗಿ ಸಂತೆ ಬೀದಿಯನ್ನೆಲ್ಲ ಸುತ್ತಿ ಬರತೊಡಗಿದಳು. ಬಸ್ಸು ತಪ್ಪತೊಡಗಿತು. ಇನ್ನೊಮ್ಮೆ ತಡವಾದರೆ ಕೆಲಸಕ್ಕೆ ಬರುವುದೇ ಬೇಡ ಎಂದು ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿದರು. ಅವಳ ಮನೆ ನಡೆಯುವುದೇ ಆ ಸಂಬಳದಿಂದ. ನನಗೆ ಅನ್ನ ಸೇರುತ್ತಿರಲಿಲ್ಲ.

ಅಂಕ ಹಾಕಲು ಪುರಸಭೆಯ ಸಾಹೇಬರು ಬಂದ ದಿನ. ನಮ್ಮ ಮನೆಯಲ್ಲೇ ಅವರಿಗೆ ಚಹಾ. ಭಾವ ಒಗ್ಗಟ್ಟಿನ ಬಗ್ಗೆ ಕೊರೆಯುತ್ತಿದ್ದಾಗ ಹಿಂದಿನಿಂದ ತಂಗಿಯ ಕೂಗು ಕೇಳಿತು.

"ಅಕ್ಕಾ! ಸಾಹೇಬರು ನಮ್ಮ ಬೀದಿಗೆ ಬರೋವರೆಗೂ ಯಾರೂ ಹೊರಗೆ ಹೋಗಬಾರದಂತೆ, ಬೀದಿ ತುದಿಗೆ ಹಗ್ಗ ಕಟ್ಟಿದಾರೆ! ಬಸ್ಸು ಹೋಗುತ್ತೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಸುತ್ತಿಗೆ ತಂದು ಹಲಗೆ ಕೀಳತೊಡಗಿದೆ.

"ಸಾಹೇಬ್ರ ಮುಂದೆ ಇದೇನಮ್ಮಾ! ಅಂಕ ಹೋಗುತ್ತೆ!"

"ನಿಮ್ಮ ಅಂಕದ ಮನೆ ಹಾಳಾಗ!" ಎಂದೆ. ಭಾವನಿಗೆ ಹಾಗೆ ಅಂದದ್ದು ಅದೇ ಮೊದಲು. ಭಾರೀ ಹಿತವಾಯಿತು.

ಹಲಗೆ ಕಿತ್ತು ಬಂತು, ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಬೆಳಗ್ಗೆ ನಮ್ಮ ಬೀದಿಯವರೂ ಈ ಕಡೆಯಿಂದ ಹಲಗೆ ಬಡಿದಿದಾರೆ ಅಕ್ಕಾ!"

ಇಡೀ ಸಪ್ತಾಹದಲ್ಲಿ ಎರಡು ಬೀದಿಯವರು ಸೇರಿ ಮಾಡಿದ ಒಂದೇ ಕೆಲಸ ಅದು. ಹೊರಗೆ ತಂಗಿ ಅವರ ಸಮಿತಿಯ ಅಧ್ಯಕ್ಷನನ್ನು, ಮೀಸೆ ಮಾಮನನ್ನು, ಹಿಡಿದು ಜಾಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದಲೂ ಮೊಳೆ ಕಿರುಗುಟ್ಟಿತು. ನನ್ನ ಗಂಡ ಬಾಗಿಲಿಗೆ ಭುಜ ಕೊಟ್ಟು, "ಅಣ್ಣಾ, ನೋಡ್ತಾ ನಿಂತಿದೀಯಲ್ಲ, ನೀನೂ ತಳ್ಳು!" ಎಂದರು. ಭಾವ ಅಧ್ಯಕ್ಷಗಿರಿ ಮರೆತು ತಳ್ಳಿದರು.

ಬಾಗಿಲು ಧಡಾರನೆ ತೆರೆಯಿತು. ತಂಗಿ ಎದುರಿಗೆ ಸಿಕ್ಕವರ ಕೈಗೆ ಮಗು ಹಾಕಿ ಓಟ ಕಿತ್ತಳು. ಸಿಕ್ಕವರು ಸಾಹೇಬರು. ಅವಳು ಬಸ್ಸು ಹತ್ತಿದ್ದನ್ನು ಕಿಟಕಿಯಿಂದ ಕಂಡ ಮೇಲೆಯೇ ನಾನು ಉಸಿರು ಬಿಟ್ಟದ್ದು. ಕಣ್ಣು ತುಂಬಿ ಬಂತು.

ಹಿಂಬಾಗಿಲ ಹೊಸ್ತಿಲಿನ ಈಚೆ ಭಾವ, ಆಚೆ ಮೀಸೆ ಮಾಮ. ನಡುವೆ ಸಾಹೇಬರು ಮಗುವನ್ನು ಎತ್ತಿ ಹಿಡಿದು, "ತುಂಬಾ ಮುದ್ದಾಗಿದೆ. ಇದು ಯಾವ ಬೀದಿದು?" ಎಂದರು.

"ನಮ್ಮದು!" ಎಂದರು ಇಬ್ಬರೂ.

ಆಗ ಮಗು ಸಾಹೇಬರ ಅಂಗಿಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು.

"ಅವರದು," ಎಂದರು ಇಬ್ಬರೂ, ಒಂದೇ ದನಿಯಲ್ಲಿ.