ಲಕ್ಷದ ಮೇಲೊಂದು ಬತ್ತಿ

ಜಂಪಣ್ಣ ಮೇಷ್ಟ್ರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು, ಅಷ್ಟೇ. ಅನ್ನಪೂರ್ಣಮ್ಮ ಗುಡಿಯ ಕಂಬಕ್ಕೊರಗಿ ಇಪ್ಪತ್ತು ವರ್ಷ ಅವರ ಮಾತು ಕೇಳಿದ್ದಳು, ಒಮ್ಮೆಯೂ ಎದುರಾಡಿರಲಿಲ್ಲ.

೧೯೭೮ರ ಕಾರ್ತಿಕದಲ್ಲಿ ನ್ಯಾಮತಿಯ ಈಶ್ವರನಿಗೆ ಲಕ್ಷ ಬತ್ತಿಯ ಹರಕೆ. ರುದ್ರರು ಹನ್ನೊಂದು, ಹಾಗಾಗಿ ಹನ್ನೊಂದು ಮನೆ. ಮನೆಗೆ ಒಂಬತ್ತು ಸಾವಿರದ ತೊಂಬತ್ತು ಬತ್ತಿ, ಮೇಲೆ ಮನೆದೇವರ ಹೆಸರಲ್ಲೊಂದು. ಎಲ್ಲವನ್ನೂ ಒಂದೇ ಕೊಪ್ಪರಿಗೆಗೆ ಸುರಿದು, ನೂರು ನೂರರ ಕಟ್ಟು ಮಾಡಿ ಎಣಿಸಿದಾಗ ಲಕ್ಷದ ಮೇಲೊಂದು ಬಂತು. ಹೆಂಗಸರು ಕೈಮುಗಿದರು.

ಮೇಷ್ಟ್ರು ಕೈಮುಗಿಯಲಿಲ್ಲ. ಹನ್ನೊಂದು ಮನೆಯವರ ಹೆಸರಿದ್ದ ಕರಿಹಲಗೆಯ ಮೂಲೆಯಲ್ಲಿ ೧,೦೦,೦೦೧ ಎಂದು ಬರೆದರು. ಬೆಸ ಸಂಖ್ಯೆ, ಎರಡರಿಂದ ಹೋಗದು. ಅಂಕಿ ಕೂಡಿದರೆ ಎರಡು, ಮೂರರಿಂದಲೂ ಹೋಗದು. ಐದರ ಮಾತೇ ಇಲ್ಲ. ಏಳರಿಂದ ಭಾಗಿಸಿದರೆ ಆರು ಉಳಿಯಿತು. ಅಲ್ಲಿಗೆ ಸಾಕಾಯಿತು ಅವರಿಗೆ. ಇದು ಅವಿಭಾಜ್ಯ ಸಂಖ್ಯೆ, ಯಾರಿಗೂ ಸಮಪಾಲಾಗುವುದಿಲ್ಲ, ಅಂದಮೇಲೆ ಯಾರೋ ಕಡಿಮೆ ಕೊಟ್ಟಿದ್ದಾರೆ ಎಂದು ತೀರ್ಪಿತ್ತರು. ಯಾರು ಎಂಬುದಕ್ಕೆ ಅವರಿಗೆ ಗಣಿತ ಬೇಕಾಗಲಿಲ್ಲ. ಬೆರಳಿಗೆ ಉಗುಳು ಹಚ್ಚಿ, ದೇವರೆದುರೇ, ಕೂಲಿ ಮಾಡುವ ಗಿಡ್ಡಮ್ಮನ ಹೆಸರು ಅಳಿಸಿದರು. ಹೆಸರಿಲ್ಲದವರು ಸಂಜೆ ದೀಪ ಮುಟ್ಟುವಂತಿರಲಿಲ್ಲ.

ತಿಂಗಳಿಡೀ ಹೊಸೆದು ಗಿಡ್ಡಮ್ಮನ ತೊಡೆಯ ಚರ್ಮ ಸುಲಿದಿತ್ತು. "ದೇವರಾಣೆ, ಎಣಿಸೇ ಕೊಟ್ಟೀನಿ," ಎಂದವಳು ತಲೆ ತಗ್ಗಿಸಿದಳು.

ಅನ್ನಪೂರ್ಣಮ್ಮ ಕಂಬ ಬಿಟ್ಟು ಎದ್ದಳು.

"ಮೇಷ್ಟ್ರೇ, ಹನ್ನೊಂದರಾಗೆ ಭಾಗಿಸಿ ನೋಡಿದ್ರಾ?"

"ಏಳರಾಗೇ ಹೋಗ್ಲಿಲ್ಲ, ಹನ್ನೊಂದರಾಗೆ ಹೋಗ್ತೈತಾ? ಇದು ಬತ್ತಿ ಹೊಸೆದಂಗಲ್ಲಮ್ಮ."

"ಹೌದು ಬಿಡ್ರಿ. ಬತ್ತಿ ಹೊಸೆಯಾಕೆ ಎಣಿಕೆ ಬರಬೇಕು."

ಯಾರೋ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಪ್ಪ ಸಂಜೆ ಶ್ಲೋಕದ ಜೊತೆಗೇ ಹೇಳಿಸುತ್ತಿದ್ದ ಮಗ್ಗಿಯನ್ನು ಅನ್ನಪೂರ್ಣಮ್ಮ ಅದೇ ರಾಗದಲ್ಲಿ ಹೇಳತೊಡಗಿದಳು. ಹನ್ನೊಂದೊಂಬತ್ಲ ತೊಂಬತ್ತೊಂಬತ್ತು, ನೂರರಲ್ಲಿ ಕಳೆದರೆ ಒಂದು. ಸೊನ್ನೆ ಇಳಿಸಿದರೆ ಹತ್ತು, ಹೋಗದು. ಇನ್ನೊಂದು ಸೊನ್ನೆ ಇಳಿಸಿದರೆ ಮತ್ತೆ ನೂರು. ಎಲ್ಲರೂ ನೋಡುತ್ತಿದ್ದುದರಿಂದ ಅವಳು ಹೇಳಿದ್ದನ್ನೆಲ್ಲ ಮೇಷ್ಟ್ರು ಹಲಗೆಯ ಮೇಲೆ ಬರೆಯಲೇಬೇಕಾಯಿತು. ಒಂಬತ್ತು, ಸೊನ್ನೆ, ಒಂಬತ್ತು, ಒಂದು. ಮನೆಗೆ ಒಂಬತ್ತು ಸಾವಿರದ ತೊಂಬತ್ತೊಂದು. ಶೇಷ ಸೊನ್ನೆ.

ದೊಡ್ಡ ಸಂಖ್ಯೆಗಳೇ ಹಾಗೆ, ಒಮ್ಮೊಮ್ಮೆ ಮೋಸ ಮಾಡುತ್ತವೆ ಎಂದು ಮೇಷ್ಟ್ರು ಗೊಣಗಿದರು.

"ಸಂಖ್ಯೆ ಮ್ಯಾಲೆ ಹಾಕಬ್ಯಾಡ್ರಿ. ಅದು ತನ್ನ ಪಾಡಿಗೆ ಸರಿ ಐತೆ. ಕೈ ತೊಳಕೊಂಡು ಬಂದು ಆ ಹೆಸರು ಬರೀರಿ."

ಮೇಷ್ಟ್ರು ಕೈ ತೊಳೆದು ಬಂದರು. ಗಿಡ್ಡಮ್ಮ ಎಂದು ಮತ್ತೆ ಬರೆದರು. ಅನ್ನಪೂರ್ಣಮ್ಮ ಹತ್ತಿರ ಹೋಗಿ ನೋಡಿದಳು. ಅಕ್ಷರಗಳು ಮಾತ್ರ ದುಂಡಗಿದ್ದವು.