ಸತ್ತವಳ ಊಟ

“ಏಯ್ ಮುದುಕಿ, ಆ ಬುರುಡೆ ಏನು ನಿನ್ ಗಂಡಂದಾ, ಮಡ್ಲಲ್ಲಿ ಮಡಿಕ್ಕಂಡು ಕುಂತಿದ್ದೀಯ? ಎಸಿ ಟ್ರ್ಯಾಕ್ಟರಿಗೆ.”

ಮೇಸ್ತ್ರಿ ಗ್ರಿಗೋರಾಷ್ ಹೊಂಡದ ಅಂಚಿನಲ್ಲಿ ನಿಂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ. ಸಿಪ್ಪೆಯನ್ನು ನಮ್ಮ ತಲೆಯ ಮೇಲೆ ಉಗಿಯುತ್ತಿದ್ದ. ಕ್ರೈಸ್ತ ಸನ್ಯಾಸಿಗಳ ಮಠದ ಹಿಂದೆ ಯಾತ್ರಿಕರಿಗೆ ಅತಿಥಿಗೃಹ ಕಟ್ಟುವುದಕ್ಕೆ ನಾವು ಪಾಯ ತೋಡುತ್ತಿದ್ದೆವು. ನಾವು ಎಂದರೆ ಹೊಳೆಯಾಚೆಯ ರೋಮಾ ಜನಾಂಗದ ಕೇರಿಯವರು. ಊರಿನವರ ಬಾಯಲ್ಲಿ ಜಿಪ್ಸಿಗಳು, ಕಾಗೆಗಳು. ನಮ್ಮ ಹಿಂದಿನವರು ಈ ಮಠದ ಗುಲಾಮರು. ಧಣಿಗಳು ತಮಗೆ ಪುಣ್ಯ ಬರಲೆಂದು ಹೊಲ, ಗಿರಣಿ, ಎತ್ತುಗಳ ಜೊತೆಗೆ ಅವರನ್ನೂ ಮಠಕ್ಕೆ ದಾನ ಕೊಟ್ಟಿದ್ದರು. ಸತ್ತಾಗ ಗೋಡೆಯಾಚೆ ಹೂಳುತ್ತಿದ್ದರೆಂದು ಕೇಳಿದ್ದೆವು. ಎಲ್ಲಿ ಎಂಬುದು ಗುದ್ದಲಿ ತಾಗಿದಾಗಲೇ ತಿಳಿದದ್ದು.

ಕೇರಿಗೇ ಹಿರಿಯಳಾದ ಸಾಫ್ತಾ ಅವ್ವ ಬುರುಡೆಯನ್ನು ಎಸೆಯಲಿಲ್ಲ. ತಲೆವಸ್ತ್ರ ಬಿಚ್ಚಿ ಅದರ ಮಣ್ಣು ಒರೆಸಿದಳು. ಕೊರಳಿನ ಮೂಳೆಗಳನ್ನು ಆರಿಸಲು ಹೋದಾಗ ಕೈಗೆ ಗಾಜಿನ ಮಣಿಗಳು ಸಿಕ್ಕವು, ಆಮೇಲೆ ಕಬ್ಬಿಣ ಸಿಕ್ಕಿತು. ಮೊಳೆ ತುಕ್ಕು ಹಿಡಿದು ಬಾಯಿಬಿಟ್ಟಿದ್ದ ದಪ್ಪನೆಯ ಪಟ್ಟಿ, ಅದರ ಸುತ್ತ ಹೊರಕ್ಕೆ ಚಾಚಿದ ಮುಳ್ಳುಗಳು. ಓಡಿಹೋಗಿ ಸಿಕ್ಕಿಬಿದ್ದವರ ಕೊರಳಿಗೆ ಇದನ್ನು ಹಾಕುತ್ತಿದ್ದರು. ಹಾಕಿಸಿಕೊಂಡವರು ತಲೆ ಊರಿ ಮಲಗುವ ಹಾಗಿರಲಿಲ್ಲ.

ಗ್ರಿಗೋರಾಷ್ ಬಗ್ಗಿ ನೋಡಿ ನಕ್ಕ. “ನಮ್ಮನೆ ನಾಯ್ಗೂ ಇಂಥದ್ದು ಹಾಕಾಕಿಲ್ಲ ಕಣೇ. ಯಾವ ಸೂಳೆನೋ, ಓಡೋಗಿರ್ಬೇಕು.”

“ಓಡೋದೋಳು ಸೂಳೆ, ಕಟ್ಟಾಕ್ದೋನು ಸ್ವಾಮಿ. ಚೆಂದಾಗದೆ ನಿನ್ ನ್ಯಾಯ” ಎಂದಳು ಸಾಫ್ತಾ ಅವ್ವ, ತಲೆ ಎತ್ತದೆ. ಅವನು ಬಾಯಲ್ಲಿದ್ದದ್ದನ್ನೆಲ್ಲ ಅವಳ ಮುಖಕ್ಕೇ ಉಗಿದ.

ನಾನು ಲಿಸಾಂದ್ರು, ಕೇರಿಯ ಕಮ್ಮಾರ. ಪಟ್ಟಿಯನ್ನು ತಿರುಗಿಸಿ ನೋಡಿದೆ. ಆಗಿನ ಕಾಲಕ್ಕೆ ಮಠದ ಕುಲುಮೆಯಲ್ಲಿದ್ದವರೂ ನಮ್ಮವರೇ. ಇದನ್ನು ಬಡಿದವನು ನನ್ನ ಮುತ್ತಾತನ ಅಪ್ಪನೇ ಇರಬಹುದು.

ಸಂಜೆ ಮಠಾಧಿಪತಿ ವಿಸಾರಿಯೋನರ ಹತ್ತಿರ ಹೋದೆವು. ಮಠಕ್ಕೆ ಆಸ್ತಿ ಬರೆದುಕೊಟ್ಟ ಧಣಿಗಳ ಸ್ಮರಣೆಯ ಹಬ್ಬ ಆ ಭಾನುವಾರವಿತ್ತು. ಅವರ ಅಮೃತಶಿಲೆಯ ಗೋರಿಗಳನ್ನು ನಮ್ಮ ಹೆಂಗಸರು ಮಂಡಿಯೂರಿ ಉಜ್ಜುತ್ತಿದ್ದರು. ಸ್ವಾಮಿಗಳು ಎಲ್ಲಿ ಕೊಳೆ ಉಳಿದಿದೆ ಎಂದು ಚಪ್ಪಲಿಯ ತುದಿಯಿಂದ ತೋರಿಸುತ್ತಿದ್ದರು.

“ಒಂದು ಮೂಲೆ ಕೊಡಿ ಬುದ್ದಿ, ಹೂತ್ಕತೀವಿ. ನೀವು ಬಂದು ಒಂದ್ ಮಾತು ಪ್ರಾರ್ಥನೆ ಮಾಡ್ಬುಡಿ, ಸಾಕು” ಎಂದಳು ಸಾಫ್ತಾ ಅವ್ವ.

“ಸಿಕ್ಕ ಸಿಕ್ಕ ಮೂಳೆಗೆಲ್ಲಾ ಜಾಗ ಕೊಡ್ತಾ ಹೋದ್ರೆ ಯಾತ್ರಿಕರು ಎಲ್ಲಿ ಮಲಗ್ಬೇಕು ಸಾಫ್ತಾ? ನಿಮ್ಮೋರಿಗೆ ಈ ಮಠ ಅನ್ನ ಹಾಕಿದೆ. ಅದನ್ನ ನೆನೆಸ್ಕೋ. ಆ ಕಬ್ಬಿಣ ಯಾರ ಕಣ್ಣಿಗೂ ಬೀಳೋದು ಬೇಡ, ಗುಜರಿಗೆ ಹಾಕಿ.”

ಮುತ್ತಿಡಲು ಕೈ ಚಾಚಿದರು. ಇಡದಿದ್ದರೆ ಇಡೀ ಕೇರಿಗೆ ಕೆಲಸ ಹೋಗುತ್ತಿತ್ತು. ಸಾಫ್ತಾ ಅವ್ವ ಬಗ್ಗಿ ಮುತ್ತಿಟ್ಟಳು. ಅವಳು ತಲೆ ಎತ್ತುವ ಮೊದಲೇ ಅವರು ಕರ್ಚೀಫು ತೆಗೆದು ಕೈ ಒರೆಸಿಕೊಂಡರು.

ಮಾರನೇ ದಿನ ಗ್ರಿಗೋರಾಷ್ ಮೂಳೆಗಳನ್ನು ಅವಳ ಕೈಯಿಂದಲೇ ಟ್ರ್ಯಾಕ್ಟರಿಗೆ ತುಂಬಿಸಿದ. “ತುಂಬ್ದಿದ್ರೆ ನಾಳೆಯಿಂದ ಒಂದು ಕಾಗೆನೂ ಈ ಕಡೆ ಹಾರೋದು ಬ್ಯಾಡ” ಎಂದ. ಕಲ್ಲುಮಣ್ಣಿನ ಜೊತೆ ಎಲ್ಲವನ್ನೂ ಕಮರಿಗೆ ಸುರಿದರು. ಅಲ್ಲಿ ಊರ ಹಂದಿಗಳು ಮೇಯುತ್ತವೆ. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಸಾಕು, ಓಡಿ ಬರುತ್ತವೆ. ಬಂದವು.

ಪಟ್ಟಿ ಮಾತ್ರ ಸಾಫ್ತಾ ಅವ್ವನ ಲಂಗದೊಳಗೆ ಉಳಿದಿತ್ತು.

ನಮ್ಮಲ್ಲಿ ಯಾರಾದರೂ ಸತ್ತರೆ ಅವರ ವಯಸ್ಸಿನವರೊಬ್ಬರಿಗೆ ಹೊಸ ಬಟ್ಟೆ ತೊಡಿಸಿ ಊಟಕ್ಕೆ ಕೂರಿಸುತ್ತೇವೆ. ಅಷ್ಟು ಹೊತ್ತು ಸತ್ತವರೇ ಬಂದು ಕೂತಿದ್ದಾರೆ ಎಂದು ಲೆಕ್ಕ. ಮಗನಾದವನು ಅವ್ವಾ ಎಂದೇ ಕರೆದು ಬಡಿಸುತ್ತಾನೆ. ಉಂಡದ್ದು ಸತ್ತವರಿಗೆ ಮುಟ್ಟುತ್ತದೆ. ಉಣ್ಣಿಸಬೇಕಾದ್ದು ಸತ್ತವರ ಮನೆ. ಉಣ್ಣಿಸದಿದ್ದರೆ ಸತ್ತವರು ಹಸಿದುಕೊಂಡೇ ಅಲೆಯುತ್ತಾರೆ.

ಭಾನುವಾರ ಬೆಳಿಗ್ಗೆ ಸಾಫ್ತಾ ಅವ್ವ ಹೊಸ ಕೆಂಪು ಲಂಗ, ಬಿಳಿ ರವಿಕೆ ತೊಟ್ಟು ನನ್ನ ಕುಲುಮೆಗೆ ಬಂದಳು. ಪಟ್ಟಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟಳು.

“ಅವ್ಳಿಗೂ ನನ್ನಂಗೇ ಹಲ್ಲುದುರಿದ್ದೋ ಕಣ್ಲಾ, ನನ್ ವಾರ್ಗೆಯೋಳೇಯ. ಉಣ್ಣಾಕೆ ಹೊಂಟಿವ್ನಿ. ಹಾಕು ಕೊರಳಿಗೆ.”

“ಎಲ್ಲಿಗವ್ವಾ ಉಣ್ಣಾಕೆ?”

“ದುಡಿದಿದ್ದು ಮಠದಾಗೆ, ಸತ್ತಿದ್ದು ಮಠದಾಗೆ. ಇನ್ಯಾವ್ದಲಾ ಅವ್ಳ ಮನೆ?”

“ಮೊಳೆ ಬಡುದ್ರೆ ಆಮ್ಯಾಕೆ ಉಳಿ ಇಕ್ಕಿ ಒಡೀದೆ ಬಿಚ್ಚಾಕಾಗಾಕಿಲ್ಲ.”

“ಅವ್ಳಿಗೇನು ಬಿಚ್ತಿದ್ರಾ? ಬಡಿ.”

ನನಗೆ ಭಯವಾಯಿತು. ಆದರೂ ಬಡಿದೆ. ಪ್ರತಿ ಏಟಿಗೂ ಅವಳ ದವಡೆ ಅದುರುತ್ತಿತ್ತು. ಒಮ್ಮೆಯೂ ಸಾಕು ಅನ್ನಲಿಲ್ಲ.

ಮಠದ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು. ನಡುವೆ ಬಿಷಪ್ಪರು, ಸುತ್ತ ಪಟ್ಟಣದ ದೊಡ್ಡವರು, ಹುಳಿಸಾರು, ಹುರಿದ ಹಂದಿಮಾಂಸ, ವೈನು. ವಿಸಾರಿಯೋನರು ಎದ್ದು ನಿಂತು, ಹಿರಿಯರನ್ನು ಮರೆತವರಿಗೆ ದೇವರ ಮುಂದೆ ಮುಖವಿಲ್ಲ ಎನ್ನುತ್ತಿದ್ದರು. ಸಾಫ್ತಾ ಅವ್ವ ನೆಟ್ಟಗೆ ನಡೆದು ಹೋಗಿ ಬಿಷಪ್ಪರ ಎದುರಿನ ಖಾಲಿ ಕುರ್ಚಿಯಲ್ಲಿ ಕೂತಳು. ನಾವು ಕೇರಿಯವರೆಲ್ಲ ಅವಳ ಬೆನ್ನ ಹಿಂದೆ ನಿಂತೆವು.

“ಬಡ್ಸಿ” ಎಂದಳು. “ಸತ್ತಾಗಿಂದ ಉಂಡಿಲ್ಲ.”

ಗ್ರಿಗೋರಾಷ್ ಓಡಿಬಂದು ಅವಳ ಕುತ್ತಿಗೆಗೇ ಕೈ ಹಾಕಿದ. ಮುಳ್ಳು ಅಂಗೈಗೆ ಹೊಕ್ಕಿತು. “ನಿನ್ನಮ್ಮನ್” ಎಂದು ಕೈ ಕೊಡವಿಕೊಂಡ. ಅವನು ಎಳೆದ ಜೋರಿಗೆ ಪಟ್ಟಿ ಅವಳ ಗಂಟಲನ್ನೂ ಕುಯ್ದಿತ್ತು. ಪಟ್ಟಣದವರು ಮೊಬೈಲು ಎತ್ತಿ ಹಿಡಿದರು. ವಿಸಾರಿಯೋನರು ಮುಖದ ತುಂಬ ನಗು ಇಟ್ಟುಕೊಂಡೇ ನನ್ನ ಕಿವಿಯ ಹತ್ತಿರ ಬಂದರು.

“ಬಿಚ್ಚೋ ಅದನ್ನ, ಹಲ್ಕಟ್ ನನ್ಮಗನೆ. ಈಗ್ಲೇ ಬಿಚ್ಚು.”

ಯಾರೋ ಪಾಯದ ಕಡೆಯಿಂದ ಸುತ್ತಿಗೆ, ಉಳಿ ತಂದು ನನ್ನ ಕೈಗೆ ತುರುಕಿದರು. ನಾನು ಅವೆರಡನ್ನೂ ಬಿಳಿ ಬಟ್ಟೆಯ ಮೇಲೆ, ಸ್ವಾಮಿಗಳ ತಟ್ಟೆಯ ಪಕ್ಕಕ್ಕೆ ಇಟ್ಟೆ.

“ಹಾಕ್ಸಿದ್ದು ನಿಮ್ಮನೆ. ನೀವೇ ಬಿಚ್ಚಿ ಬುದ್ದಿ.”

ಯಾರೂ ಸುತ್ತಿಗೆ ಮುಟ್ಟಲಿಲ್ಲ. ಸಾಫ್ತಾ ಅವ್ವ ಕೈ ಚಾಚಿ ಬಿಷಪ್ಪರ ಮುಂದಿದ್ದ ಸಾರಿನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಮುಳ್ಳುಗಳು ಕೊರಳನ್ನು ಬಗ್ಗಗೊಡಲಿಲ್ಲ. ಬಟ್ಟಲನ್ನೇ ಬಾಯಿಗೆ ಎತ್ತಿದಳು. ಕುಡಿದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಸಾರೂ ರಕ್ತವೂ ಒಟ್ಟಿಗೆ ಬಿಳಿ ರವಿಕೆಯ ಮೇಲೆ ಇಳಿಯುತ್ತಿದ್ದವು.

“ಉಣ್ಣವ್ವಾ” ಎಂದೆ. “ಹೊಟ್ಟೆ ತುಂಬಾ ಉಣ್ಣು.”

ಗೇಟಿನ ಹೊರಗೆ ಪೊಲೀಸರ ಜೀಪು ನಿಂತಿತು. ಅವಳು ಮುಂದಿನ ಬಟ್ಟಲಿಗೆ ಕೈ ಹಾಕಿದಳು.