ಗಾಲಿಗೆ ಕೊಟ್ಟ ಕಲ್ಲು

ಕಾಳೇಗೌಡನ ಹಳೇ ಜೀಪಿಗೆ ಹ್ಯಾಂಡ್‌ಬ್ರೇಕ್ ಏನೋ ಇತ್ತು, ಹಿಡಿಯುತ್ತಿರಲಿಲ್ಲ. ಬಿಕ್ಕೋಡಿನಿಂದ ಕಾಫಿ ತೋಟಕ್ಕೆ ಕೂಲಿಯವರನ್ನು ಹೊತ್ತು ಏರಿನಲ್ಲಿ ನಿಲ್ಲಿಸಿದಾಗಲೆಲ್ಲ, ಅವರ ಮೇಸ್ತ್ರಿಯಾಗಿ ಜೊತೆಗೇ ಬರುತ್ತಿದ್ದ ಹೆಂಡತಿ ದೇವೀರಮ್ಮ ಮೊದಲು ಧುಮುಕುತ್ತಿದ್ದಳು. ಸೀಟಿನಡಿಯ ಕಲ್ಲನ್ನು ಹಿಂದಿನ ಗಾಲಿಗೆ ಕೊಟ್ಟು, "ಕೊಟ್ಟೆ ಕಣ್ರೀ, ಕಾಲ್ ತೆಗೀರಿ!" ಎಂದು ಕೂಗುವಳು. ಆ ಕೂಗು ಕೇಳುವ ತನಕ ಅವನು ಬ್ರೇಕಿನ ಮೇಲಿಂದ ಕಾಲೆತ್ತಿದವನಲ್ಲ.

"ಒಸಿ ರಿಪೇರಿ ಮಾಡಿಸ್ರೀ, ನನ್ ಸೊಂಟ ಬಿದ್ದೋಯ್ತು" ಎಂದು ಅವಳು ಗೊಣಗಿದರೆ, "ನೀನಿದ್ದೀಯಲ್ಲ, ಸುಮ್ನೆ ಯಾಕೆ ದಂಡ?" ಎಂದು ನಗುತ್ತಿದ್ದ.

ತೊಂಬತ್ತೆಂಟರ ಮಳೆಗಾಲದಲ್ಲಿ ಕಾಮಾಲೆಯಾಗಿ ದೇವೀರಮ್ಮ ಹೋಗಿಬಿಟ್ಟಳು. ತಿಥಿ ಕಳೆದ ಮೇಲೆ ಅವನು ಜೀಪನ್ನು ಬೇಲೂರಿಗೆ ಒಯ್ದ. ಮೆಕ್ಯಾನಿಕ್ ನಜೀರ್ ತುಕ್ಕು ಹಿಡಿದು ತುಂಡಾಗಿದ್ದ ಕೇಬಲ್ ಕಿತ್ತೆಸೆದು ಹೊಸದು ಹಾಕಿದ. ಕಾಳೇಗೌಡ ತರಿಸಿಕೊಂಡಿದ್ದ ಟೀ ಇನ್ನೂ ಆರಿರಲಿಲ್ಲ.

"ಇಷ್ಟೇನೇನ್ಲಾ?" ಎಂದು ರೇಗಿದ. ಯಾರ ಮೇಲೆ ರೇಗಿದನೆಂದು ನಜೀರನಿಗೆ ತಿಳಿಯಲಿಲ್ಲ.

ಬ್ರೇಕ್ ನೋಡಲು ಇಬ್ಬರೂ ಹತ್ತಿರದ ಏರಿಗೆ ಹೋದರು. ನಡು ಏರಿನಲ್ಲಿ ಕಾಳೇಗೌಡ ಜೀಪು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ.

"ಹಿಡ್ಕೊಂಡೈತೆ ಗೌಡ್ರೇ. ಕಾಲ್ ತೆಗೀರಿ, ಗಾಡಿ ಎಲ್ಲೂ ಹೋಗಲ್ಲ" ಎಂದ, ಪಕ್ಕದಲ್ಲಿ ಕೂತಿದ್ದ ನಜೀರ್.

ಕಾಳೇಗೌಡನ ಕಾಲು ಏಳಲಿಲ್ಲ. ಅವನ ಕಿವಿ ಹಿಂದಿನ ಗಾಲಿಯ ಕಡೆಗೇ ಇತ್ತು.

"ತಡಿಯೋ," ಎಂದ, "ಅವ್ಳಿನ್ನೂ ಕೂಗಿಲ್ಲ."